ವಾರಿಜಾಳ ಶಿಳ್ಳೆ

ಜಯನಗರ ಏಳನೇ ಬ್ಲಾಕಿನ ಆ ಮನೆಗೆ ಕಂಪ್ಯೂಟರ್ ಬಂದದ್ದು ಸೇತುರಾಮನ ಹೆಸರಿನಲ್ಲಿ. ಎ.ಜಿ. ಆಫೀಸಿನಿಂದ ನಿವೃತ್ತನಾದ ಮನುಷ್ಯ ಸುಮ್ಮನೆ ಕೂತರೆ ಹೆಂಡತಿಯ ಅಡುಗೆಮನೆಯಲ್ಲಿ ಮೂಗು ತೂರಿಸುತ್ತಾನೆ ಎಂಬ ದೂರದೃಷ್ಟಿಯಿಂದ ಮಗಳು ವಿಭಾ ಅದನ್ನು ತಂದಿಟ್ಟು, ಬ್ರಾಡ್‌ಬ್ಯಾಂಡ್ ಹಾಕಿಸಿ, ಮೌಸ್ ಹಿಡಿಯುವುದನ್ನು ಅಪ್ಪ ಅಮ್ಮ ಇಬ್ಬರಿಗೂ ಹೇಳಿಕೊಟ್ಟು ಜೆ.ಪಿ. ನಗರದ ತನ್ನ ಮನೆಗೆ ಹೋದಳು. ಸೇತುರಾಮ ಕೆಲವು ದಿನ ಷೇರು ಬೆಲೆ ನೋಡಿದ. ಅದು 2008. ಷೇರು ಬೆಲೆ ಕಣ್ಣಿನಿಂದ ನೋಡುವ ಹಾಗಿರಲಿಲ್ಲ. ಎದ್ದು ಬಂದು ಮತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತ.

ಖಾಲಿಯಾದ ಕುರ್ಚಿಯಲ್ಲಿ ವಾರಿಜಾ ಕೂತಳು. ಮಧ್ಯಾಹ್ನ ಊಟವಾಗಿ ಗಂಡ ದಿಂಬಿಗೆ ತಲೆ ಕೊಟ್ಟ ಮೇಲೆ ಎರಡು ಗಂಟೆ ಹೊತ್ತು ಆ ಕೋಣೆ ಅವಳದು. ಮೊದಲು ನೋಡಿದ್ದು ಯಾರೋ ಆಂಧ್ರದ ಹೆಂಗಸು ಗೋಂಗೂರ ಚಟ್ನಿ ಮಾಡುವ ವಿಡಿಯೋ. ಅದರ ಪಕ್ಕದಲ್ಲಿ ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಒಂದನ್ನು ಒತ್ತಿದರೆ ಇನ್ನೊಂದು, ಅದನ್ನು ಒತ್ತಿದರೆ ಮತ್ತೊಂದು. ಹೀಗೆ ಹೋಗುತ್ತಾ ಹೋಗುತ್ತಾ ವಾರಿಜಾ ಚಟ್ನಿಯಿಂದ ಬಹಳ ದೂರ ಬಂದುಬಿಟ್ಟಳು.

ಪ್ರಪಂಚದಲ್ಲಿ ಎಂತೆಂಥ ಜನ ಇದ್ದಾರೆ ಎಂದು ಅವಳಿಗೆ ಆಗ ತಿಳಿಯಿತು. ಒಬ್ಬ ಮನುಷ್ಯನಿಗೆ ಲಿಫ್ಟ್ ಹುಚ್ಚು. ಊರಿನ ಒಂದೊಂದೇ ಕಟ್ಟಡಕ್ಕೆ ಹೋಗಿ, ಲಿಫ್ಟ್ ಹತ್ತಿ, ಮೇಲೆ ಹೋಗಿ, ಕೆಳಗೆ ಬಂದು, ಬಾಗಿಲು ಮುಚ್ಚುವ ಸದ್ದು ಹೇಗಿತ್ತು ಎಂದು ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದ. ಇನ್ನೊಬ್ಬ ಬೀದಿ ಬೀದಿ ಸುತ್ತಿ ಮ್ಯಾನ್‌ಹೋಲ್ ಮುಚ್ಚಳಗಳನ್ನು ತೋರಿಸುತ್ತಿದ್ದ. ಗಂಡ ಹೆಂಡತಿ ಇಬ್ಬರು ಬಸವನಹುಳುಗಳಿಗೆ ಓಟದ ಪಂದ್ಯ ಇಟ್ಟು, ಕ್ರಿಕೆಟ್ಟಿಗೆ ಹೇಳುವ ಹಾಗೆ ಉಸಿರು ಬಿಡದೆ ಕಾಮೆಂಟರಿ ಹೇಳುತ್ತಿದ್ದರು. ಪಂದ್ಯ ಮುಗಿಯುವಷ್ಟರಲ್ಲಿ ಒಂದು ಹುಳು ನಿದ್ದೆ ಹೋಗಿತ್ತು. ವಾರಿಜಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಭಾನುವಾರ ಬಂದ ವಿಭಾ ಇದನ್ನು ನೋಡಿ ತಲೆ ಚಚ್ಚಿಕೊಂಡಳು. "ಅಮ್ಮ, ಇಡೀ ಇಂಟರ್ನೆಟ್‌ನಲ್ಲಿ ನಿಂಗೆ ಸಿಕ್ಕಿದ್ದು ಇವ್ರೇನಾ?"

"ಪಾಪ ಕಣೆ," ಅಂದಳು ವಾರಿಜಾ. "ಮನೇಲಿ ಯಾರೂ ಇವ್ರ ಮಾತು ಕೇಳಲ್ವೇನೋ. ಅದಕ್ಕೆ ಊರಿಗೆಲ್ಲ ಹೇಳ್ತಿದಾರೆ."

ಹೇಳಿದ್ದು ತಮಾಷೆಗೆ. ಆದರೆ ಮಾರನೆಯ ಮಧ್ಯಾಹ್ನವೇ ಆ ಮಾತು ಅವಳಿಗೇ ತಗುಲಿತು.

ಅಂದು ಸಿಕ್ಕಿದ್ದು ಒಬ್ಬ ಅಜ್ಜಿಯ ಚಾನೆಲ್. ಯಾವುದೋ ಚಳಿಯ ದೇಶ. ಕಿಟಕಿಯ ಆಚೆ ಹಿಮ. ಅಜ್ಜಿ ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುತ್ತಾ ಶಿಳ್ಳೆ ಹೊಡೆಯುತ್ತಿದ್ದಳು. ಬೀದಿ ಹುಡುಗರ ಶಿಳ್ಳೆ ಅಲ್ಲ, ಪೂರ್ತಿ ಒಂದು ಹಾಡು. ಎಲ್ಲಿಯೂ ಶ್ರುತಿ ಬಿಡದೆ, ನಡುನಡುವೆ ಒಂದು ಸಣ್ಣ ಗಮಕದ ಹಾಗೆ ಬಳುಕಿಸಿ, ತಟ್ಟೆಗಳು ಮುಗಿಯುವ ಹೊತ್ತಿಗೆ ಹಾಡನ್ನೂ ಮುಗಿಸಿದಳು. ಕೈ ಒರೆಸಿಕೊಂಡಳು. ವಿಡಿಯೋ ಅಷ್ಟೇ. ಇಂಥವು ಆ ಚಾನೆಲ್ಲಿನಲ್ಲಿ ರಾಶಿ ಇದ್ದವು. ವಾರಿಜಾ ಒಂದೊಂದನ್ನೇ ನೋಡಿದಳು. ನೋಡನೋಡುತ್ತಾ ಅವಳ ಕಣ್ಣು ತುಂಬಿ ಬಂತು.

ಯಾಕೆಂದರೆ ವಾರಿಜಾಳಿಗೂ ಶಿಳ್ಳೆ ಬರುತ್ತಿತ್ತು.

ಬಸವನಗುಡಿಯ ತವರುಮನೆಯಲ್ಲಿ ಸಂಗೀತದ ಮೇಷ್ಟ್ರು ಬರುತ್ತಿದ್ದದ್ದು ಅಕ್ಕನಿಗೆ ಪಾಠ ಹೇಳಲು. ವಾರಿಜಾಳ ಗಂಟಲು ಚಿಕ್ಕಂದಿನಿಂದಲೂ ಒಡಕು, ಅವಳನ್ನು ಯಾರೂ ಪಾಠಕ್ಕೆ ಕೂರಿಸಲಿಲ್ಲ. ಅವಳು ಬಾಗಿಲ ಹಿಂದೆ ಕೂತು ಕೇಳಿಸಿಕೊಂಡಳು. ಬೇಸಿಗೆಯಲ್ಲಿ ಮಹಡಿಯ ಮೇಲೆ ಸಂಡಿಗೆ ಕಾಯಲು ಕೂರಿಸಿದಾಗ, ಕಾಗೆ ಓಡಿಸುವ ನೆಪದಲ್ಲಿ ಬಾಯಿ ಚೂಪು ಮಾಡಿ ಊದಿದಳು. ಗಂಟಲಿನಲ್ಲಿ ಒಡೆದು ಹೋಗುತ್ತಿದ್ದ ಸ್ವರ ತುಟಿಯ ಮೇಲೆ ಸ್ವಚ್ಛವಾಗಿ ನಿಂತಿತು. ಆ ಬೇಸಿಗೆಯೆಲ್ಲ ಬಿಲಹರಿ, ಮೋಹನ, ಕಲ್ಯಾಣಿ. ಒಂದು ದಿನ ಅಜ್ಜಿ ಅಮ್ಮಣ್ಣಿ ಮೆಟ್ಟಿಲು ಹತ್ತಿ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ತುಟಿಯ ಮೇಲೆ ಏಟು ಬಿದ್ದಾಗಲೇ ಗೊತ್ತಾಗಿದ್ದು. "ಹೆಣ್ಣಾಗಿ ಶಿಳ್ಳೆ ಹೊಡೀತೀಯಾ? ಮನೇಲಿ ಲಕ್ಷ್ಮಿ ನಿಲ್ತಾಳೇನೇ?" ಅಲ್ಲಿಗೆ ಅದು ನಿಂತಿತು.

ಆಮೇಲೆ ಸೇತುರಾಮ ಹೆಣ್ಣು ನೋಡಲು ಬಂದ. ಹೆಣ್ಣು ನೋಡುವಾಗ ಹಾಡು ಹೇಳಿಸುವುದು ಆಗಿನ ಪದ್ಧತಿ. ವಾರಿಜಾ ಎರಡು ಸಾಲು ಹಾಡುವಷ್ಟರಲ್ಲಿ ಗಂಟಲು ಕೈ ಕೊಟ್ಟಿತು. ಸೇತುರಾಮನ ತಾಯಿ ದೊಡ್ಡ ಮನಸ್ಸು ಮಾಡಿ, "ಹಾಡು ಹೋಗ್ಲಿ ಬಿಡಿ, ಹುಡುಗಿ ಲಕ್ಷಣವಾಗಿದಾಳೆ" ಎಂದರು. ಸೇತುರಾಮನೋ, ಸಂಗೀತವೆಂದರೆ ಪ್ರಾಣ ಬಿಡುವವನು. ರಾಮನವಮಿ ಬಂತೆಂದರೆ ಸಂಜೆ ಸಂಜೆ ಕಚೇರಿ. ಅವಳು ಇಸ್ತ್ರಿ ಮಾಡಿಟ್ಟ ಜುಬ್ಬಾ ತೊಟ್ಟು ಒಬ್ಬನೇ ಹೊರಡುತ್ತಿದ್ದ. "ನೀನು ಬಂದ್ರೆ ಆಕಳಿಸ್ತಾ ಕೂರಬೇಕು, ಯಾಕೆ ಸುಮ್ನೆ?" ಎಂದು ಕಾಳಜಿಯಿಂದಲೇ ಹೇಳುತ್ತಿದ್ದ. ಅವನು ಕೆಟ್ಟವನಲ್ಲ. ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದ ಹೆಂಡತಿಗೆ ಸಂಗೀತ ಗೊತ್ತೇ ಇಲ್ಲ ಎಂದು ನಂಬಿದ್ದ, ಅಷ್ಟೇ. ರಾತ್ರಿ ಬಂದು ಯಾವ ರಾಗ ಹಾಡಿದರು ಎಂದು ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದ, ಅವಳ ಹತ್ತಿರ ಊಟ ಬಡಿಸು ಎನ್ನುತ್ತಿದ್ದ. ಅವಳು ಅದನ್ನೆಲ್ಲ ಒಳಗಿನಿಂದಲೇ ಕೇಳಿಸಿಕೊಂಡು ತಟ್ಟೆ ಇಡುತ್ತಿದ್ದಳು. ಆದರೆ ಇಷ್ಟು ವಯಸ್ಸಾದ ಮೇಲೆ ನನಗೆ ಶಿಳ್ಳೆ ಬರುತ್ತದೆ ಎಂದು ಯಾವ ಮುಖದಿಂದ ಹೇಳುವುದು?

ಈಗ ಹಿಮದ ದೇಶದ ಅಜ್ಜಿ ನಾಚಿಕೆಯಿಲ್ಲದೆ ತಟ್ಟೆ ತೊಳೆಯುತ್ತಾ ಊದುತ್ತಿದ್ದಳು. ವಾರಿಜಾಳಿಗೆ ಆಸೆಯಾಯಿತು. ಒಂದೇ ಒಂದು ಸಲ ಸೇತುರಾಮ ಕೇಳಬೇಕು. ಕೇಳಿ, ಇದು ಬಿಲಹರಿ ಅನ್ನಬೇಕು. ಅಷ್ಟಾದರೆ ಸಾಕು.

ಆಸೆ ಹುಟ್ಟುವುದಕ್ಕೂ ಹಲ್ಲು ಅಲ್ಲಾಡುವುದಕ್ಕೂ ಸರಿಹೋಯಿತು. ಹಲ್ಲಿನ ಡಾಕ್ಟರು ಕನ್ನಡಿ ಇಟ್ಟು ನೋಡಿ, "ಮೇಲಿನ ಮುಂದಿನ ಹಲ್ಲು ನಾಲ್ಕಕ್ಕೂ ವಸಡು ಹಿಡಿದಿಲ್ಲ ಆಂಟಿ. ತೆಗೆಸಿ ಸೆಟ್ ಹಾಕಿಸ್ಕೊಳ್ಳಿ, ತಡ ಮಾಡ್ಬೇಡಿ" ಎಂದಳು.

"ಹಲ್ಲು ಹೋದ್ಮೇಲೆ ಶಿಳ್ಳೆ ಹೊಡಿಯೋಕಾಗತ್ತಾ ಡಾಕ್ಟ್ರೇ?"

ಡಾಕ್ಟರು ತಮಾಷೆ ಎಂದುಕೊಂಡು ನಕ್ಕಳು. "ಅದು ಕಷ್ಟ ಆಂಟಿ. ಚಕ್ಕುಲಿ ತಿನ್ಬಹುದು."

"ಹಾಗಾದ್ರೆ ದಸರಾ ಕಳೀಲಿ. ಗೊಂಬೆ ನೋಡೋಕೆ ಜನ ಬರ್ತಾರೆ, ಬೊಚ್ಚು ಬಾಯಲ್ಲಿ ಹೇಗೆ ಕುಂಕುಮ ಕೊಡ್ಲಿ?" ಎಂದು ವಾರಿಜಾ ವಾಯಿದೆ ಪಡೆದಳು. ಸೇತುರಾಮನೂ ಆ ಕಾರಣವನ್ನೇ ನಂಬಿದ.

ಅಭ್ಯಾಸ ಶುರುವಾಯಿತು. ಮೊದಲು ಬರೀ ಗಾಳಿ. ತುಟಿಗೆ ತುಪ್ಪ ಸವರಿಕೊಂಡಳು, ಬಿಸಿನೀರು ಕುಡಿದಳು, ಅಲ್ಲಾಡುವ ಹಲ್ಲಿಗೆ ನಾಲಗೆ ತಾಗದಂತೆ ಬಾಯಿಗೆ ಹೊಸ ಪಾಠ ಹೇಳಿದಳು. ಯಾರಾದರೂ ಕೇಳಿಸಿಕೊಂಡರೆ ಎಂಬ ಹೆದರಿಕೆಗೆ ಪಕ್ಕದಲ್ಲಿ ಅಜ್ಜಿಯ ವಿಡಿಯೋ ಹಾಕಿಡುತ್ತಿದ್ದಳು. ನಿಧಾನವಾಗಿ ಸ್ವರ ಮರಳಿತು. ಮಹಡಿಯ ಮೇಲೆ ಬಿಟ್ಟು ಬಂದಿದ್ದದ್ದು ಇಷ್ಟು ವರ್ಷ ಅವಳಿಗಾಗಿ ಕಾದಿತ್ತೇನೋ ಎನ್ನಿಸಿತು. ಆ ದಿನಗಳಲ್ಲಿ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಹಾಲು ಉಕ್ಕಿಸಿದಳು, ಗಂಡನ ಬೈಗುಳಕ್ಕೆ ನಕ್ಕಳು.

ಒಂದು ಸಂಜೆ ಸೇತುರಾಮ ಕಾಫಿ ಕುಡಿಯುತ್ತಾ ಹೇಳಿದ: "ನಿನ್ನ ಆ ಬಿಳೀ ಅಜ್ಜಿ ಇವತ್ತು ಚೆನ್ನಾಗಿ ಹೊಡೀತಿದ್ಲು. ನಿದ್ದೇಲಿ ಕೇಳಿಸ್ತು. ಒಳ್ಳೇ ಮೋಹನದ ಛಾಯೆ ಕಣೆ."

ಮೋಹನ ಊದಿದ್ದು ವಾರಿಜಾ. ಅದು ನಾನು ಎಂಬ ಮಾತು ನಾಲಗೆಯ ತುದಿಗೆ ಬಂತು. ಆದರೆ ಅಮ್ಮಣ್ಣಿಯ ಕೈ ಇನ್ನೂ ತುಟಿಯ ಮೇಲೇ ಇತ್ತು. "ಹೌದಾ? ನಂಗೇನು ಗೊತ್ತಾಗತ್ತೆ" ಅಂದಳು. ಎದ್ದು ಹೋಗಿ ಒಳಗೆ ತನ್ನನ್ನು ತಾನೇ ಬೈದುಕೊಂಡಳು.

ದಸರಾ ಬಂತು. ಗೊಂಬೆ ಕೂರಿಸಿದರು. ಸಂಜೆ ಬಂದ ಹೆಂಗಸರನ್ನು ಕೂರಿಸಿ "ಒಂದು ಹಾಡು ಹೇಳಿ" ಎಂದು ಒತ್ತಾಯಿಸುವುದು ಎಲ್ಲ ಮನೆಯ ಹಾಗೆ ಈ ಮನೆಯಲ್ಲೂ ಇತ್ತು. ಬಂದವರು ಹಾಡಿದರು, ವಾರಿಜಾ ಉಸಲಿ ಹಂಚಿದಳು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿ ಆಯುಧಪೂಜೆಗೆ ಬಂದು ನಿಂತಳು. ಅಂದು ಮನೆಯ ಹತಾರಗಳಿಗೆಲ್ಲ ರಜೆ. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ. ಸೇತುರಾಮ ತಾನೇ ಕಂಪ್ಯೂಟರಿನ ತಂತಿ ಕಿತ್ತು, ಒರೆಸಿ, ಪರದೆಗೆ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿದ. "ನಾಳೆ ಮರುಪೂಜೆ ಆಗೋವರೆಗೂ ಇದನ್ನ ಮುಟ್ಟೋ ಹಾಗಿಲ್ಲ" ಎಂದು ಅಪ್ಪಣೆ ಮಾಡಿ, ಸ್ಕೂಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೊರಗೆ ಹೋದ.

ಅವನು ಒಳಗೆ ಬಂದ ಕೂಡಲೇ ಗೊಂಬೆಯ ಮುಂದೆ ಕೂರಿಸಿ ಕೇಳಿಸಿಬಿಡಬೇಕು ಎಂದು ವಾರಿಜಾ ಗಟ್ಟಿ ಮನಸ್ಸು ಮಾಡಿದಳು. ಅದಕ್ಕೆ ಮುಂಚೆ ತುಟಿ ಒಂದು ಸಲ ಪಳಗಲಿ ಎಂದು ಕಂಪ್ಯೂಟರಿನ ಕೋಣೆಗೆ ಹೋದಳು. ಬಿಲಹರಿ ಎತ್ತಿಕೊಂಡಳು. ಬೆಳಗಿನ ಹೊತ್ತು, ಬೆಳಗಿನ ರಾಗ. ಅದು ಎಂದೂ ಬಾರದಷ್ಟು ಚೆನ್ನಾಗಿ ಬಂತು. ಮೇಲಿನ ಷಡ್ಜ ಮುಟ್ಟಿ ಅಲ್ಲೇ ನಿಂತಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಪೂಜೆಗಿಟ್ಟಿದ್ದನ್ನ ಯಾಕೆ ಹಾಕ್ದೆ? ಹೇಳಿರ್ಲಿಲ್ವಾ ನಾನು?" ಎಂದು ಗದರಿಸುತ್ತಲೇ ಸೇತುರಾಮ ಒಳಗೆ ಬಂದ.

ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ವಿಭೂತಿ ಹಾಗೇ ಇತ್ತು. ಕಿತ್ತ ತಂತಿ ನೆಲದ ಮೇಲೆ ಬಿದ್ದಿತ್ತು. ಶಿಳ್ಳೆ ಇನ್ನೂ ನಡೆಯುತ್ತಿತ್ತು. ಗೋಡೆಯ ಕಡೆ ಮುಖ ಮಾಡಿ ನಿಂತ ಹೆಂಡತಿ ತಿರುಗಿದಳು, ತಿರುಗಿದಾಗ ಅದು ನಿಂತಿತು.

ಕೈಯಲ್ಲಿ ನಿಂಬೆಹಣ್ಣು ಹಾಗೇ ಇತ್ತು. ಆಮೇಲೆ ಮೆಲ್ಲಗೆ, "ಬಿಲಹರಿ" ಅಂದ.

ವಾರಿಜಾ ತಲೆಯಾಡಿಸಿದಳು.

"ಅವತ್ತಿನ ಮೋಹನಾನೂ...?"

"ಹೂಂ."

ಸೇತುರಾಮ ಕುರ್ಚಿ ಎಳೆದುಕೊಂಡು ಕೂತ. "ಯಾಕೆ ನಿಲ್ಲಿಸ್ಬಿಟ್ಟೆ? ಮುಗಿಸು ವಾರಿಜಾ, ಮುಗಿಸು." ಅವನ ದನಿಯಲ್ಲಿ ಅವಳು ಎಂದೂ ಕೇಳದ ಬೇಡಿಕೆ ಇತ್ತು. ಅವಳು ತುಟಿ ಚೂಪು ಮಾಡಿದಳು. ನಗು ಬಂತು. ಮತ್ತೆ ಚೂಪು ಮಾಡಿದಳು, ಅಳು ಬಂತು. ನಗುವ ತುಟಿಗೂ ಅಳುವ ತುಟಿಗೂ ಶಿಳ್ಳೆ ಒಗ್ಗುವುದಿಲ್ಲ. "ಇರಿ, ನಾಳೆ ಬೆಳಿಗ್ಗೆ ಪೂರ್ತಿ ಕೇಳಿಸ್ತೀನಿ" ಎಂದು ಕಣ್ಣು ಒರೆಸಿಕೊಂಡಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಪಕ್ಕದ ಮನೆಯವರು ಹಬ್ಬದ ಕೋಡುಬಳೆ ತಂದಿದ್ದರು.

ವಾರಿಜಾ ಅಂದು ಇಡೀ ದಿನ ನೆಲದ ಮೇಲೆ ನಡೆಯಲಿಲ್ಲ. ಆ ಸಂತೋಷದಲ್ಲೇ, ಸಂಜೆ ದೀಪ ಹಚ್ಚಿ ಬಂದು, ಹಲ್ಲಿನ ನೆನಪೇ ಇಲ್ಲದೆ ಒಂದು ಕೋಡುಬಳೆ ಬಾಯಿಗೆ ಹಾಕಿ ಕಡಿದಳು. ಎರಡು ಹಲ್ಲು ಅಲ್ಲೇ ಉದುರಿದವು. ಉಳಿದ ಎರಡನ್ನು ಹಬ್ಬ ಕಳೆದ ಮೇಲೆ ಡಾಕ್ಟರು ತೆಗೆದಳು.

ಸೆಟ್ ಬಂದ ದಿನ ಸೇತುರಾಮ ಎದುರಿಗೆ ಕೂತು, "ಪ್ರಯತ್ನ ಮಾಡು, ಅವಸರ ಇಲ್ಲ" ಅಂದ. ಅವಳು ಪ್ರಯತ್ನ ಮಾಡಿದಳು. ಗಾಳಿ ಬಂತು. ಅವನು ಮುಖ ತಗ್ಗಿಸಿ, ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದದ್ದನ್ನು ಅವನು ಅರ್ಧ ರಾಗದಷ್ಟು ಕೇಳಿದ್ದ. ಆ ಸಂಕಟ ಅವನಿಗೆ ಇಂದಿಗೂ ಕಡಿಮೆಯಾಗಿಲ್ಲ.

ಈಗ ಮಧ್ಯಾಹ್ನ ಅವನು ಮಲಗುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು ಶಿಳ್ಳೆ ಹೊಡೆಯುವವರ ಚಾನೆಲ್ ಹುಡುಕುತ್ತಾನೆ. ಹಕ್ಕಿಗಳಿಗೆ ಶಿಳ್ಳೆ ಕಲಿಸುವವನು, ಸೈಕಲ್ ತುಳಿಯುತ್ತಾ ಊದುವವನು, ಸ್ಪರ್ಧೆಯಲ್ಲಿ ಕಪ್ ಗೆದ್ದವರು, ಒಬ್ಬರಾದ ಮೇಲೆ ಒಬ್ಬರನ್ನು ಕೇಳುತ್ತಾನೆ. "ವಾರಿಜಾ, ಬಾ ಇಲ್ಲಿ, ಇವನು ಪರವಾಗಿಲ್ಲ ನೋಡು" ಎಂದು ಕರೆಯುತ್ತಾನೆ. ಅವಳು ಕೈ ಒರೆಸಿಕೊಂಡು ಬಂದು ಕುರ್ಚಿಯ ಹಿಂದೆ ನಿಲ್ಲುತ್ತಾಳೆ. ಸ್ವಲ್ಪ ಕೇಳಿ ಅವನು ತಲೆಯಾಡಿಸುತ್ತಾನೆ.

"ಚೆನ್ನಾಗಿದೆ. ಆದ್ರೆ ಅದಲ್ಲ."

ಅದು ಅಲ್ಲಿ ಸಿಗುವುದಿಲ್ಲ ಎಂದು ವಾರಿಜಾಳಿಗೆ ಗೊತ್ತು. ಆದರೂ ಅವನು ಮುಂದಿನದನ್ನು ಒತ್ತಿದಾಗ, ಅವಳೂ ಉಸಿರು ಹಿಡಿದು ಕಿವಿಗೊಡುತ್ತಾಳೆ.