ಮಬ್ಬು ತೆಗೆಯುವ ಭಯ್ಯಾ

ದೆಹಲಿಯ ದ್ವಾರಕಾದಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಹಿಂದೆ, ಮೆಟ್ರೋ ಕಂಬವೊಂದರ ಕೆಳಗೆ, ಕಾರುಗಳ ಮಬ್ಬಾದ ಹೆಡ್‌ಲೈಟುಗಳನ್ನು ತಿಳಿಗೊಳಿಸುವ ಭಯ್ಯಾ ಒಬ್ಬ ಕೂರುತ್ತಿದ್ದ. ನೀರು ಚಿಮುಕಿಸಿ ಉಪ್ಪುಕಾಗದದಿಂದ ಉಜ್ಜುತ್ತಾ, ಗೀರು ಉಳಿದಿದೆಯೇ ಎಂದು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ತಡವುತ್ತಿದ್ದ. ಮಾತುಮಾತಿಗೂ "ಘಬರಾವೋ ಮತ್" ಎನ್ನುತ್ತಿದ್ದ. ಗಾಬರಿಪಡಬೇಡಿ ಎಂದು ಅವನು ಹೇಳಿದಾಗಲೇ ನನಗೆ ಗಾಬರಿ ಶುರುವಾಗುತ್ತಿತ್ತು.

ಆ ಡಿಸೆಂಬರ್ ಮಧ್ಯಾಹ್ನ ಅವನು ಉಜ್ಜಿದಷ್ಟೂ ನನ್ನ ಕಾರಿನ ದೀಪಗಳು ಹಾಲಿನಂತೆ ಬಿಳುಚಿಕೊಂಡವು. ಹಾಳಾಯಿತೆಂದೇ ಅಂದುಕೊಂಡೆ. ಪಾಲಿಶ್ ಮಾಡಿದ ಮೇಲೆ ತಿಳಿಯಾದವು. ಮತ್ತೆ ಹಳದಿಯಾಗದಂತೆ ಕಾಯುವ ಲೇಪವನ್ನು ಅವನು ಆಗಷ್ಟೇ ಹಚ್ಚಿದ್ದ, ಮಗಳ ಶಾಲೆಯಿಂದ ಮೆಸೇಜ್ ಬಂತು: ಮಂಜು ದಟ್ಟವಾಗುತ್ತಿದೆ, ಮಕ್ಕಳನ್ನು ಈಗಲೇ ಕರೆದೊಯ್ಯಿರಿ.

ಕಾರಿನತ್ತ ಓಡಿದೆ. ಬಾನೆಟ್ ಮೇಲಿಟ್ಟಿದ್ದ ಕೀಲಿಯನ್ನು ಅವನು ತನ್ನ ಜೇಬಿಗಿಳಿಸಿದ.

"ಕೊಡು ಭಯ್ಯಾ, ಸ್ಕೂಲಲ್ಲಿ ಮಗಳು ಕಾಯ್ತಿದ್ದಾಳೆ!" ಗಾಬರಿಗೆ ನನ್ನ ಬಾಯಲ್ಲಿ ಕನ್ನಡವೇ ಬಂತು.

"ಘಬರಾವೋ ಮತ್. ಅಭೀ ಗೀಲಾ ಹೈ," ಎಂದು ಹಸಿ ಲೇಪವನ್ನು ತೋರಿಸಿದ. ಹೊರಟರೆ ಧೂಳೆಲ್ಲ ಅಂಟುತ್ತದಂತೆ. "ಸ್ಕೂಲ್ ಪಾಸ್ ಮೇ ಹೈ ನಾ? ಪೈದಲ್ ಜಾವೋ."

ಶಾಲೆ ಹತ್ತಿರವೇ ಇದ್ದದ್ದು ನಿಜ; ಅವನನ್ನು ಬೈದುಕೊಳ್ಳುತ್ತಲೇ ನಡೆದುಕೊಂಡು ಹೋದೆ. ಮಗಳ ಕೈ ಹಿಡಿದು ಮರಳುವಷ್ಟರಲ್ಲಿ ಕಂಬವೂ ಕಾಣುತ್ತಿರಲಿಲ್ಲ, ಕಾರೂ ಕಾಣುತ್ತಿರಲಿಲ್ಲ. ಎಲ್ಲ ಕಡೆಯಿಂದಲೂ ಹಾರ್ನ್ ಮಾತ್ರ ಕೇಳಿಸುತ್ತಿತ್ತು. ಯಾವ ಕಡೆಗೆ ಹೆಜ್ಜೆ ಇಡಬೇಕೆಂದು ತಿಳಿಯದೆ ನಿಂತುಬಿಟ್ಟೆ. ಆಗ ಮಂಜಿನೊಳಗೆ ಎರಡು ದೀಪಗಳು ಕಂಡವು. ಅವುಗಳ ನಡುವೆ ನಿಂತು ಯಾರೋ ನಿಧಾನವಾಗಿ ಕೈ ಬೀಸುತ್ತಿದ್ದರು.

"ಅಪ್ಪಾ, ಇತ್ನೀ ಸಾಫ್ ಲೈಟ್!" ಎಂದಳು ಮಗಳು. "ಯಾರ ಕಾರು ಅದು?"