ಗಾಳಿ ಹಿಡಿದುಕೊಂಡ ಕೆಂಪು ಬಾಳೆ

ಫ್ರೆಂಡ್ಸ್, ಅತ್ತೆ ಕಳಿಸಿದ ಬಾಳೆಹಣ್ಣು ಬೆಳಗಿನಿಂದ ಬಿದ್ದಿಲ್ಲ! ಮದುವೆಯಾದ ಮೇಲೆ ಮೊದಲ ಸಲ ಕಮಲಾಪುರದ ಹೊಲದಿಂದ ಕೆಂಪು ಬಾಳೆಯ ಚಿಪ್ಪು ಬಂದಿದೆ. ಕೆಳಗಿಟ್ಟರೆ ಕಪ್ಪಾಗುತ್ತದೆ, ತೂಗುಹಾಕಬೇಕಂತೆ. ಕಲಬುರಗಿಯ ನಮ್ಮ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲ. ಒತ್ತಿದರೆ ಅಂಟುವ, ಪುಟ್ಟ ರಬ್ಬರ್ ಬಟ್ಟಲಿನ ಹುಕ್ ತಂದು ಸುಣ್ಣದ ಗೋಡೆಗೆ ಒತ್ತಿದೆ. ತರಿತರಿ ಗೋಡೆ, ಸಂದಿಯಿಂದ ಗಾಳಿ ನುಗ್ಗಿ ಹುಕ್ ಉದುರಿತು. ಅಡುಗೆಮನೆಯ ನುಣುಪು ಟೈಲ್ಸ್ ಒರೆಸಿ ಒತ್ತಿದೆ. ಬಟ್ಟಲಿನೊಳಗಿನ ಗಾಳಿ ಹೊರಹೋಯಿತು, ಹೊರಗಿನ ಗಾಳಿ ಅದನ್ನು ಅದುಮಿ ಹಿಡಿಯಿತು. ಇಡೀ ಆಕಾಶವೇ ನನ್ನ ಅಡುಗೆಮನೆಗೆ ಕೈ ಹಚ್ಚಿದೆ ಅನ್ನಿಸಿತು.

ಚಿಪ್ಪು ತೂಗುಹಾಕಿ, ಮೊಳೆಯಿಲ್ಲದೆ ನಿಂತಿದೆ ಎಂದು ಅತ್ತೆಗೆ ಫೋನ್ ಮಾಡಿದೆ.

"ಮೊಳಿ ಇಲ್ದೆ ಯಾರು ಹಿಡಕೊಂಡಾರ?"

"ಗಾಳಿ ಹಿಡಕೊಂಡದರೀ ಅತ್ತಿ."

"ನನ್ನ ಬಾಳಿಹಣ್ಣು ಗಾಳಿ ಕೈಯಾಗ ಕೊಟ್ಟೀಯೇನು? ತಡಿ, ನಾನೇ ಬಂದು ನೋಡ್ತೀನಿ."

ಗಾಳಿಯೇ, ಅಲ್ಲಿಯವರೆಗೆ ಕೈಬಿಡಬೇಡ. ಅತ್ತೆ ಭಾನುವಾರ ಕಮಲಾಪುರದಲ್ಲಿ ಬೀದರ್–ಕಲಬುರಗಿ ರೈಲು ಹತ್ತಿ ಬರುತ್ತಾರೆ.