ಕಲ್ಲವ್ವನ ಅಕ್ಕನ ಮುಖ ಭಟ್ಟಿಗೆ ಹೋದದ್ದು

ಕಲ್ಲವ್ವ ಮಾಡಿದ ಮಣ್ಣಿನ ತಲೆ ಭಟ್ಟಿಯಲ್ಲಿ ಒಡೆಯದೆ ಉಳಿದದ್ದು ನಾನು ಕೊರೆದ ತೂತಿನಿಂದ ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹೇಳಿ ಹೇಳಿ ಅದೇ ನೆನಪಾಯಿತೋ, ನೆನಪಿದ್ದುದನ್ನೇ ಹೇಳಿದೆನೋ, ಖಚಿತವಿಲ್ಲ.

ನಾಲ್ಕು ವರ್ಷಗಳ ಹಿಂದಿನ ಮಾತು. ಸಿರಾಮಿಕ್ಸ್‌ನಲ್ಲಿ ಎಂ.ಟೆಕ್. ಮಾಡಿದ ನಾನು ಗೋಕುಳ ಶಿರಗಾಂವದ ಒಂದು ಫೌಂಡ್ರಿಯಲ್ಲಿ ಕುಲುಮೆಯ ಇಟ್ಟಿಗೆಗಳನ್ನು ಪರೀಕ್ಷಿಸುವ ಲ್ಯಾಬಿನ ಮುಖ್ಯಸ್ಥನಾಗಿದ್ದೆ. ಗಡಹಿಂಗ್ಲಜದ ಕಲ್ಲವ್ವ ಅಲ್ಲೇ ಕೋರ್ ವಿಭಾಗದ ಕೆಲಸಗಾರ್ತಿ. ಕೋರ್ ಎಂದರೆ ಎರಕದೊಳಗೆ ಟೊಳ್ಳು ಉಳಿಯಲೆಂದು ಇಡುವ ಮರಳಿನ ಅಚ್ಚು. ಕಾದಾಗ ಹುಟ್ಟುವ ಗ್ಯಾಸ್ ಹೊರಹೋಗಲು ಅದಕ್ಕೆ ತಂತಿ ಚುಚ್ಚಿ ದಾರಿ ಬಿಡುತ್ತಾರೆ. ಹನ್ನೆರಡು ವರ್ಷ ಆಕೆ ಮಾಡಿದ್ದು ಅದನ್ನೇ. ಮಣ್ಣಿನಲ್ಲಿ ಮುಖ ಮಾಡುವುದನ್ನು ಮಾತ್ರ ಆಕೆಗೆ ಯಾರೂ ಕಲಿಸಿರಲಿಲ್ಲ.

ಒಂದು ದಿನ ಟವೆಲ್‌ನಲ್ಲಿ ಸುತ್ತಿದ ತಲೆಯೊಂದನ್ನು ನನ್ನ ಮೇಜಿನ ಮೇಲಿಟ್ಟಳು. ತೀರಿಹೋದ ಅಕ್ಕನದು. ಅಳು ಗಂಟಲಿಗೆ ಬಂದಿದ್ದರೂ ಮಂದಿ ಎದುರಿಗಿದ್ದಾರೆಂದು ತಡೆಹಿಡಿದ ಮುಖ. ತುಟಿಗಳು ತುಸುವೇ ತೆರೆದಿದ್ದವು.

"ಇದನ್ನ ಸುಟ್ಟು ಕೊಡ್ರಿ ಸಾಹೇಬ್ರ. ಇಚಲಕರಂಜಿಗೆ ಅಕ್ಕನ ಮಗಳ ಮನಿಗೆ ಒಯ್ಯಬೇಕ್ರಿ. ಅಕಿ ಕಡೆ ತಾಯಿದು ಒಂದು ಫೋಟೋನೂ ಇಲ್ಲ."

ನಾನು ಮುಖ ನೋಡಲಿಲ್ಲ, ಬುಡ ನೋಡಿದೆ. ತಟ್ಟಿದರೆ ಒಳಗೆ ಟೊಳ್ಳು, ಕುತ್ತಿಗೆ ಮುಚ್ಚಿದೆ. ತೇವ ಉಳಿದಿದ್ದರೆ ಆವಿಗೆ ದಾರಿಯಿಲ್ಲದೆ ಚೂರಾಗುತ್ತದೆ. ತಲೆಯ ಹಿಂದೆ ಡ್ರಿಲ್ ಹಾಕುತ್ತೇನೆ ಎಂದೆ.

ಆಕೆ ಮಣ್ಣಿನ ತಲೆಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಳು. "ಬ್ಯಾಡ್ರಿ! ನೀವು ಕಲ್ತದ್ದು ಇಟ್ಟಂಗಿ ಸುಡೂದ್ರಿ. ಇದು ನಮ್ಮಕ್ಕನ ಮಾರಿ ಐತಿ."

"ಒಡದ್ರ ನನ್ನ ಬೈಬಾರದು ನೋಡವ್ವ."

"ಬೈತೀನ್ರಿ. ಹೆಸರ ಹಿಡದು ಬೈತೀನಿ."

ಇಲ್ಲಿಂದ ನನ್ನ ನೆನಪು ಅಲುಗಾಡುತ್ತದೆ. ಆಕೆ ಚಹಾಕ್ಕೆ ಹೋದಾಗ ಡ್ರಿಲ್ ಹಿಡಿದದ್ದು ನೆನಪಿದೆ. ಬೆರಳಿಗೆ ಮಣ್ಣಿನ ಪುಡಿ ಅಂಟಿದ್ದೂ ನೆನಪಿದೆ. ತಲೆಯನ್ನು ಲ್ಯಾಬಿನ ಭಟ್ಟಿಯಲ್ಲಿಟ್ಟು, ಶಾಖವನ್ನು ತಾಸಿಗೆ ಐವತ್ತು ಡಿಗ್ರಿಯಂತೆ ಏರಿಸಿ, ಇಡೀ ದಿನ ಅದರ ಮುಂದೆ ಅತ್ತಿಂದಿತ್ತ ಓಡಾಡಿದೆ. ಪಕ್ಕದ ಶೆಡ್ಡಿನಲ್ಲಿ ಸುತ್ತಿಗೆ ಬಿದ್ದರೂ ಬೆಚ್ಚಿದೆ. ಮೂರನೇ ದಿನ ಬಾಗಿಲು ತೆರೆದಾಗ ತಲೆ ಇಡಿಯಾಗಿತ್ತು. ಕಲ್ಲವ್ವ ಕೆನ್ನೆ ಮುಟ್ಟಿ, "ಅಕ್ಕಾ, ಇನ್ನಾ ಬೆಚ್ಚಗ ಅದೀಯಲ್ಲ" ಎಂದಳು. ನನ್ನ ಡ್ರಿಲ್ ಗೆದ್ದಿತೆಂದುಕೊಂಡೆ.

ಮೀಟರಿನ ಅಂಕಿಯನ್ನು ಎರಡು ಸಲ ಓದಬೇಕೆಂದು ಕೆಲಸ ನನಗೆ ಕಲಿಸಿತ್ತು. ನನ್ನ ಕಥೆಯನ್ನು ನಾನು ಎರಡನೇ ಸಲ ಓದಿರಲಿಲ್ಲ. ಕಳೆದ ತಿಂಗಳು ಆ ತೂತನ್ನು ಕಣ್ಣಾರೆ ನೋಡದೆ ತಡೆಯಲಾರದೆ ಇಚಲಕರಂಜಿಗೆ ಹೋದೆ. ಅಕ್ಕನ ಮಗಳು ತಲೆಯನ್ನು ಕಪಾಟಿನಿಂದ ಇಳಿಸಿ ಕೊಟ್ಟಳು. ಹಿಂಭಾಗದಲ್ಲಿ ತೂತಿಲ್ಲ, ಮುಚ್ಚಿದ ಗುರುತೂ ಇಲ್ಲ. ಅವಳ ಒಪ್ಪಿಗೆ ಕೇಳಿ, ತೂತು ಪರೀಕ್ಷಿಸಲೆಂದು ತಂದಿದ್ದ ಕೋರ್ ಚುಚ್ಚುವ ತಂತಿಯನ್ನು ತೆರೆದ ತುಟಿಗಳ ನಡುವೆ ಇಟ್ಟೆ. ಅದು ಎಲ್ಲಿಯೂ ತಡೆಯದೆ ಒಳಗಿನ ಟೊಳ್ಳಿಗೆ ಇಳಿಯಿತು.